ಹದಿನಾಲ್ಕು ದಿನ, ಮೂರು ಆ್ಯಂಟಿವೈರಸ್

ಮಕ್ಕಳೇ, ಕಳೆದ ರಜೆಯಲ್ಲಿ ನೀವು ಬಂದಿದ್ದಾಗ ಇದನ್ನು ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ನೀವು ನನ್ನ ಮುಖ ನೋಡಿದ ಕೂಡಲೇ ಊಟಕ್ಕೆ ಏನು ಮಾಡಲಿ ಎಂದು ಕೇಳಿಬಿಟ್ಟೆ. ಎದುರಿಗೆ ಕುಳಿತವರ ಹತ್ತಿರ ನನಗೆ ಮಾತು ಬರುವುದಿಲ್ಲ. ಬರೆಯುವಾಗ ಯಾರೂ ನನ್ನನ್ನು ನೋಡುತ್ತಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಪಂಚಾಯತು ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್ ಬಂದು ಆಗ ಒಂದೂವರೆ ವರ್ಷವಾಗಿತ್ತು. ಮೇಲ್ವಿಚಾರಕಿ ನಾನೊಬ್ಬಳೇ. ಒಂದು ಶುಕ್ರವಾರ ಬೆಳಿಗ್ಗೆ ಎಡಗಡೆಯ ಕಂಪ್ಯೂಟರಿನಲ್ಲಿ ಒಬ್ಬಳು ಹುಡುಗಿ ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದಳು. ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದವಳು. ತಂದೆ ಇಲ್ಲ, ಅಮ್ಮ ಬೀಡಿ ಕಟ್ಟುತ್ತಾರೆ. ಇರುವುದು ಅಮ್ಮನ ಅಣ್ಣನ ಮನೆಯಲ್ಲಿ, ಮನೆಯ ಮಾತೆಲ್ಲ ಅವರದ್ದೇ. ನಮ್ಮ ಕಡೆ ಸೋದರಮಾವ ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಆ ಮಾವನೇ ಅವಳ ಹಿಂದೆ ಕುರ್ಚಿ ಹಾಕಿ ಕುಳಿತಿದ್ದರು. ಅರ್ಜಿಗೆ ಕೊಟ್ಟದ್ದು ಅವರ ಮೊಬೈಲ್ ನಂಬರು. ಫೋಟೊ ಹಾಕಿ ಆಗಿತ್ತು, ಸಹಿ ಹಾಕಿ ಆಗಿತ್ತು. ಮಾವನ ಮೊಬೈಲಿಗೆ ಬರುವ ಆರು ಅಂಕೆಯ ಒಟಿಪಿಯನ್ನು ಹಾಕಿ ಸಲ್ಲಿಸುವುದು ಮಾತ್ರ ಬಾಕಿ. ಆ ದಿನ ಒಟಿಪಿ ಬರುವುದು ತಡವಾಯಿತು. ಮೂವರೂ ಪರದೆಯನ್ನೇ ನೋಡುತ್ತಾ ಕಾಯುತ್ತಿದ್ದೆವು.

ಆಗ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚಿತ್ರ ಮೇಲೆದ್ದು ಬಂತು. ಬಟ್ಟೆ ಇಲ್ಲದ ಹೆಂಗಸಿನ ಚಿತ್ರ. ಕೆಳಗೆ ಕನ್ನಡದಲ್ಲಿ, ನಿಮ್ಮ ಊರಿನ ಹೆಂಗಸರು ಮಾತಾಡಲು ಕಾಯುತ್ತಿದ್ದಾರೆ ಎಂಬ ಅರ್ಥದ ಸಾಲು. ಹುಡುಗಿ ಅದನ್ನು ಮುಚ್ಚಿದಳು. ಇನ್ನೊಂದು ಬಂತು, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಮಾವ ಎದ್ದು ಅವಳ ದಾಖಲೆಗಳ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡರು. ಅವಳೂ ಎದ್ದಳು. ಇಬ್ಬರೂ ಹೋದರು.

ಅರ್ಜಿಗೆ ಕೊನೆಯ ದಿನ ಹದಿನಾಲ್ಕನೆಯ ದಿನ, ಗುರುವಾರ, ಸಂಜೆ ಐದೂವರೆ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಆಮೇಲೆ ನಾನು ಮಾಡಿದ್ದೆಲ್ಲ ಆ ಹೊತ್ತಿನ ಒಳಗೆ ಆ ಮಾವನ ಮನಸ್ಸು ತಿರುಗಲಿ ಎಂದು.

ಶನಿವಾರ ಪಂಚಾಯತಿನ ಪಿಡಿಒ ನನ್ನನ್ನು ಕರೆಸಿದರು. ನಿಮ್ಮ ಅಪ್ಪನಿಗಿಂತ ಚಿಕ್ಕ ಪ್ರಾಯದವರು, ಒಳ್ಳೆಯವರು. ವಿಷಯ ಆಗಲೇ ಹಾಲಿನ ಸೊಸೈಟಿಯವರೆಗೆ ಹೋಗಿದೆ, ಬುಧವಾರ ಅಲ್ಲ ಅದರ ಮುಂದಿನ ಬುಧವಾರ ಸಭೆ ಉಂಟು, ಅಲ್ಲಿ ಕಂಪ್ಯೂಟರ್ ಕೋಣೆ ಮುಚ್ಚಬೇಕೆಂದು ಯಾರಾದರೂ ಎತ್ತುತ್ತಾರೆ ಎಂದರು. ಜಾಹೀರಾತನ್ನು ನುಗ್ಗಿಸುವ ಇಂಥ ಕಳ್ಳ ಸಾಫ್ಟ್‌ವೇರಿಗೆ ಆ್ಯಡ್‌ವೇರ್ ಎಂದು ಹೆಸರಂತೆ. ಅದನ್ನು ತಡೆಯುವ ಆ್ಯಂಟಿವೈರಸ್‌ಗಳು ಬೇಕಾದಷ್ಟು ಇವೆ, ಮೂರನ್ನು ಹಾಕಿ ನೋಡಿ, ಯಾವುದು ಒಳ್ಳೆಯದೆಂದು ಬರೆದು ಕೊಡಿ, ಪಂಚಾಯತು ತೆಗೆದುಕೊಳ್ಳುತ್ತದೆ ಎಂದು ಹೇಳಿದರು. ಹಳ್ಳಿ ಶಾಲೆಯಲ್ಲಿ ಹತ್ತನೆಯವರೆಗೆ ಕಲಿತವಳಿಗೆ ಇದು ಆಗುವ ಕೆಲಸವೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಭಾನುವಾರ ಯಾವ ಸಾಫ್ಟ್‌ವೇರನ್ನೂ ಹಾಕದೆ ಬರೀ ಎಣಿಸಿದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು ನಾನು ಬೀಡಿ ಕಟ್ಟುತ್ತಿದ್ದಾಗ, ಬೀಡಿ ಕಂಪನಿಯ ಬ್ರಾಂಚಿನ ಚೆಕ್ಕರ್ ಮೇಲಿನ ಕಟ್ಟನ್ನು ಮುಟ್ಟುತ್ತಲೇ ಇರಲಿಲ್ಲ. ನಡುವಿನಿಂದ ಒಂದು ಕಟ್ಟನ್ನು ಎಳೆದು, ಬಿಚ್ಚಿ, ಒಂದೊಂದೇ ಬೀಡಿಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಚೆನ್ನಾಗಿ ಕಾಣುವುದನ್ನು ನೋಡಿ ತೀರ್ಮಾನ ಮಾಡಬಾರದು ಎಂದು ಅಲ್ಲಿ ಕಲಿತೆ. ಒಂದು ನೋಟ್ ಬುಕ್ಕಿನಲ್ಲಿ ಗೆರೆ ಹಾಕಿ, ಎಷ್ಟು ಗಂಟೆಗೆ ಬಂತು, ಆಗ ಯಾವ ಪುಟ ತೆರೆದಿತ್ತು, ಚಿತ್ರ ಎಂಥದ್ದು ಎಂದು ಬರೆದೆ. ಚಿತ್ರದ ಹೆಸರು ಬರೆಯಲು ನಾಚಿಕೆಯಾಗಿ ಒಂದು, ಎರಡು, ಮೂರು ಎಂದು ಗುರುತು ಮಾಡಿಕೊಂಡೆ. ಹತ್ತರಿಂದ ಒಂದು ಗಂಟೆಯ ಒಳಗೆ ಎಡಗಡೆಯದರಲ್ಲಿ ಹನ್ನೊಂದು ಸಲ, ಬಲಗಡೆಯದರಲ್ಲಿ ಒಂಬತ್ತು ಸಲ. ಬಲಗಡೆಯದನ್ನು ಇದ್ದ ಹಾಗೆಯೇ ಬಿಡುವುದು, ಎಡಗಡೆಯದರಲ್ಲಿ ಮಾತ್ರ ಆ್ಯಂಟಿವೈರಸ್ ಹಾಕುವುದು ಎಂದು ನಿಶ್ಚಯಿಸಿದೆ. ಎರಡರಲ್ಲೂ ಹಾಕಿದರೆ ಕಡಿಮೆಯಾದದ್ದು ಯಾವುದರಿಂದ ಎಂದು ಹೇಗೆ ತಿಳಿಯುವುದು?

ಸೋಮವಾರ ಗ್ರಂಥಾಲಯಕ್ಕೆ ರಜೆ. ಮೂಡಬಿದಿರೆಗೆ ಹೋದೆ. ಕಂಪ್ಯೂಟರ್ ಅಂಗಡಿಯವರು ಮೂರು ಆ್ಯಂಟಿವೈರಸ್‌ಗಳನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟರು. ಮೂರೂ ಒಂದು ತಿಂಗಳು ದುಡ್ಡಿಲ್ಲದೆ ಬಳಸಬಹುದಾದವು. ಇಂಥ ಚಿತ್ರ ಯಾಕೆ ಬರುತ್ತದೆ ಎಂದು ಕೇಳಿದೆ. ಅವರು ಬೇರೊಬ್ಬರ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚುತ್ತಾ ತಲೆ ಎತ್ತದೆ ಹೇಳಿದರು.

"ನೋಡಿದ್ದೇ ಬರುದು ಅಕ್ಕ. ನೀವು ಸೀರೆ ನೋಡಿದ್ರೆ ಸೀರೆ ಬರ್ತದೆ. ಯಾರೋ ಅಂಥದ್ದು ನೋಡಿರ್ತಾರೆ."

ಮಂಗಳವಾರ ಬೆಳಿಗ್ಗೆ ಪಿಡಿಒ ಏನಾಯಿತೆಂದು ಕೇಳಿದಾಗ, ಅಂಗಡಿಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಕೋಣೆಯಲ್ಲಿ ಇನ್ನೂ ಇಬ್ಬರು ಇದ್ದರು. ನಾನು ಜೀವನದಲ್ಲಿ ಆಡಿದ್ದು ಕಡಿಮೆ ಮಾತು. ಅದರಲ್ಲಿ ಆಡಬಾರದಾಗಿದ್ದದ್ದು ಅದೊಂದು.

ಅದೇ ದಿನ ಒಂದನೆಯ ಆ್ಯಂಟಿವೈರಸ್ ಹಾಕಿದೆ. ಇಡೀ ಕಂಪ್ಯೂಟರನ್ನು ಹುಡುಕಲು ಅದಕ್ಕೆ ಎರಡು ಮುಕ್ಕಾಲು ಗಂಟೆ ಬೇಕಾಯಿತು. ಮೂರು ಕಳ್ಳ ಫೈಲುಗಳನ್ನು ಹಿಡಿದು ತೆಗೆಯಿತು. ಪುಕ್ಕಟೆ ಪುಸ್ತಕ ಕೊಡುತ್ತೇವೆನ್ನುವ ಯಾವುದೋ ತಾಣದಿಂದ ಒಳಗೆ ಬಂದವಂತೆ. ಪರದೆ ಹಸಿರಾಗಿ, ನೀವು ಸುರಕ್ಷಿತ ಎಂದು ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಹೋಗಿ ಮುಖ ತೊಳೆದು ಬಂದೆ. ಬರುವಷ್ಟರಲ್ಲಿ ಆ ಹಸಿರಿನ ಮೇಲೆಯೇ ಎರಡನೆಯ ನಂಬರಿನ ಚಿತ್ರ ಕುಳಿತಿತ್ತು. ಬುಧವಾರ ಎಣಿಸಿದೆ: ಎಡಕ್ಕೆ ಹತ್ತು, ಬಲಕ್ಕೆ ಹತ್ತು.

ಗುರುವಾರ ಎರಡನೆಯದು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಒಂದನೆಯದನ್ನು ತೆಗೆಯದೆ ಎರಡನೆಯದನ್ನು ಹಾಕಿದೆ. ಎರಡೂ ಒಂದನ್ನೊಂದು ಕಳ್ಳನೆಂದು ಹಿಡಿಯಲು ಹೋಗಿ ಕಂಪ್ಯೂಟರ್ ಅಲುಗದ ಹಾಗೆ ನಿಂತಿತು. ಶುಕ್ರವಾರ ಅರ್ಧ ದಿನ ಅದನ್ನು ಸರಿಮಾಡಲು ಹೋಯಿತು. ಆಮೇಲೆ ಎರಡನೆಯದು ಒಂಟಿಯಾಗಿ ಕೆಲಸ ಮಾಡಿತು. ಚಿತ್ರಗಳು ನಿಲ್ಲಲಿಲ್ಲ. ಅದರ ಜೊತೆ, ಅದೇ ಮೂಲೆಯಲ್ಲಿ, ಅದೇ ಅಳತೆಯಲ್ಲಿ, ನಿಮ್ಮ ರಕ್ಷಣೆ ಪೂರ್ಣವಾಗಿಲ್ಲ, ಈಗಲೇ ಖರೀದಿಸಿ ಎಂದು ಆ ಆ್ಯಂಟಿವೈರಸಿನ ಜಾಹೀರಾತೂ ಬರತೊಡಗಿತು. ನೋಟ್ ಬುಕ್ಕಿನಲ್ಲಿ ಅದಕ್ಕೆ ನಾಲ್ಕನೆಯ ನಂಬರು ಕೊಟ್ಟೆ.

ಅಷ್ಟರಲ್ಲಿ ಊರಿನಲ್ಲಿ ಮಾತು ಬೇರೆಯಾಗಿತ್ತು. ಮೊದಲು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೆಟ್ಟ ಚಿತ್ರ ಬರುತ್ತದೆ ಎನ್ನುತ್ತಿದ್ದರು. ಈಗ, ಮೂಡಬಿದಿರೆಯ ಅಂಗಡಿಯವರೇ ಹೇಳಿದ್ದಾರಂತೆ, ನೋಡಿದ್ದೇ ಬರುವುದಂತೆ, ಆ ಹುಡುಗಿ ದಿನಾ ಹೋಗಿ ಕುಳಿತುಕೊಳ್ಳುತ್ತಿದ್ದಳಲ್ಲ, ಎನ್ನುತ್ತಿದ್ದರು. ಹಾಲು ಹಾಕಲು ಹೋದಾಗ ನನ್ನ ಎದುರೇ ಒಬ್ಬರು ಹಾಗೆ ಹೇಳಿದರು. ನನಗೆ ಕೈಯಲ್ಲಿದ್ದ ಪಾತ್ರೆ ಕೆಳಗೆ ಇಡಬೇಕೆನಿಸಿತು. ಹಾಲು ಹಾಕಿ ಮನೆಗೆ ಬಂದೆ.

ಮೂರನೆಯದು ಬಹಳ ಕಟ್ಟುನಿಟ್ಟು. ಶನಿವಾರ ಹಾಕಿದ ಕೂಡಲೇ ಆ ಪರೀಕ್ಷೆಯ ಅರ್ಜಿಯ ಪುಟವನ್ನೇ ಅಪಾಯವೆಂದು ಮುಚ್ಚಿತು. ಚಿತ್ರಗಳನ್ನು ಮಾತ್ರ ಬಿಟ್ಟಿತು. ಎಡಕ್ಕೆ ಒಂಬತ್ತು, ಬಲಕ್ಕೆ ಹನ್ನೊಂದು.

ಭಾನುವಾರ ಬಂಟ್ವಾಳ ತಾಲೂಕಿನ ಒಂದು ಗ್ರಂಥಾಲಯದ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ತರಬೇತಿಯಲ್ಲಿ ನನ್ನ ಪಕ್ಕ ಕುಳಿತಿದ್ದವರು, ಗಟ್ಟಿ ಸ್ವರದವರು. ಅವರಲ್ಲೂ ಇಂಥ ತೊಂದರೆ ಉಂಟೆಂದು ಗೊತ್ತಾಗಿ, ಒಂದನೆಯ ಆ್ಯಂಟಿವೈರಸಿನ ಹೆಸರನ್ನು ಮಂಗಳವಾರ ನಾನೇ ಅವರಿಗೆ ಹೇಳಿದ್ದೆ. ಅವರಲ್ಲಿ ಅದನ್ನು ಒಂದು ಸಲ ಓಡಿಸಿದ್ದಷ್ಟೇ, ಆಮೇಲೆ ಒಂದು ಚಿತ್ರವೂ ಬಂದಿಲ್ಲವಂತೆ. ಅದೇ ಆ್ಯಂಟಿವೈರಸ್, ಅದೇ ನಮೂನೆಯ ಕಂಪ್ಯೂಟರ್. ಅಲ್ಲಿ ಗುಣ, ಇಲ್ಲಿ ಇಲ್ಲ. ಒಂದೇ ಎಲೆ, ಒಂದೇ ಹೊಗೆಸೊಪ್ಪು ಕೊಟ್ಟು ಬೀಡಿ ಬೇರೆ ಬೇರೆ ಬಂದರೆ ಕಟ್ಟುವವರ ಕೈಯಲ್ಲಿ ವ್ಯತ್ಯಾಸ ಇರಬೇಕು ಎಂದು ಚೆಕ್ಕರ್ ಹೇಳುತ್ತಿದ್ದರು. ಸೋಮವಾರದ ಬಸ್ಸಿಗೆ ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಬಂಟ್ವಾಳಕ್ಕೆ ಹೋದೆ.

ರಜೆಯಾದರೂ ಅವರು ನನಗಾಗಿ ಬಾಗಿಲು ತೆರೆದರು. ನೀವು ದಿನಾ ಏನು ಮಾಡುತ್ತೀರೋ ಹಾಗೆಯೇ ಮಾಡಿ, ನಾನು ನೋಡುತ್ತೇನೆ ಎಂದೆ. ಅವರು ಹಳೆಯ ಪ್ರಶ್ನೆಪತ್ರಿಕೆ ಹುಡುಕತೊಡಗಿದರು. ಒಂದು ತಾಣ ತೆರೆದ ಕೂಡಲೇ ಮೇಲಿನಿಂದ ಚಿಕ್ಕ ಪೆಟ್ಟಿಗೆ ಇಳಿಯಿತು. ಈ ತಾಣ ನಿಮಗೆ ಅಧಿಸೂಚನೆ ತೋರಿಸಲು ಬಯಸುತ್ತದೆ. ಕೆಳಗೆ ಎರಡು ಗುಂಡಿ: ಅನುಮತಿಸಿ, ನಿರ್ಬಂಧಿಸಿ. ಅವರು ಓದದೆಯೇ ನಿರ್ಬಂಧಿಸಿ ಒತ್ತಿ ಮುಂದೆ ಹೋದರು. ಅವರ ಕೈಯನ್ನು ಹಿಡಿದು ನಿಲ್ಲಿಸಿದೆ. ಅದನ್ನು ಯಾಕೆ ಒತ್ತಿದಿರಿ ಎಂದು ಕೇಳಿದೆ.

"ಮತ್ತೆಂತ ಮಾಡುದು? ಗುರುತಿಲ್ಲದವರು ಒಳಗೆ ಬರ್ಲಾ ಅಂತ ಕೇಳಿದ್ರೆ ಬನ್ನಿ ಅಂತ ಹೇಳ್ತೀರಾ ನೀವು?" ಎಂದರು.

ಹೌದು, ಹೇಳುತ್ತೇನೆ. ಹೇಳುತ್ತಲೇ ಬಂದಿದ್ದೇನೆ. ನಾನು ಹುಟ್ಟಿದ ಮನೆಯಲ್ಲಿ, ಸೇರಿದ ಮನೆಯಲ್ಲಿ, ಬಾಗಿಲಿಗೆ ಬಂದವರು ಯಾರೇ ಆಗಲಿ ಮೊದಲು ಬೆಲ್ಲ ನೀರು, ಯಾಕೆ ಬಂದಿರೆಂದು ಕೇಳುವುದು ಆಮೇಲೆ. ಬೇಡ ಎಂಬ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ. ಹಾಗಾದರೆ ಬೆರಳಿಗೆ ಎಲ್ಲಿಂದ ಬರಬೇಕು? ಮೊದಮೊದಲು ಅರ್ಜಿಗೆ ಫೋಟೊ ತೆಗೆಯುವಾಗ ಕ್ಯಾಮರಾಕ್ಕೆ ಅನುಮತಿ ಕೊಡಬೇಕಿತ್ತು. ಕೊಡದಿದ್ದರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಅದನ್ನು ನೋಡಿ, ಅನುಮತಿ ಕೇಳಿದವರಿಗೆಲ್ಲ ಕೊಡಬೇಕಾದದ್ದೇ ಕ್ರಮ ಎಂದು ತಿಳಿದೆ. ನಾನು ಒತ್ತಿದ್ದು ಮಾತ್ರವಲ್ಲ. ಕಂಪ್ಯೂಟರ್ ಬಳಸುವ ಕ್ರಮವೆಂದು ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದ್ದೆ. ಅದರ ನಾಲ್ಕನೆಯ ಸಾಲು, ನನ್ನದೇ ಅಕ್ಷರ: ಅನುಮತಿ ಕೇಳಿದರೆ 'ಅನುಮತಿಸಿ' ಒತ್ತುವುದು. ಒಂದೂವರೆ ವರ್ಷ ಬಂದ ಮಕ್ಕಳೆಲ್ಲ ಅದನ್ನು ಪಾಲಿಸಿದ್ದರು.

ಅವರಲ್ಲಿ ಇದ್ದದ್ದು ಕಳ್ಳ ಫೈಲು, ಅದನ್ನು ಆ್ಯಂಟಿವೈರಸ್ ಹಿಡಿಯಿತು. ನಮ್ಮಲ್ಲಿ ಬರುತ್ತಿದ್ದವರು ಕಳ್ಳರಲ್ಲ, ಮೂಲೆಯಲ್ಲಿ ಚಿತ್ರ ತೋರಿಸಿ ಎಂದು ಅನುಮತಿ ಕೊಟ್ಟು ನಾವೇ ಕರೆದವರು. ಕರೆದವರನ್ನು ಯಾವ ಆ್ಯಂಟಿವೈರಸ್ ಹಿಡಿದೀತು?

ಮಂಗಳವಾರ ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಅಧಿಸೂಚನೆಗಳ ಪಟ್ಟಿ ತೆರೆದೆ. ಅನುಮತಿ ಪಡೆದ ತಾಣಗಳು ನಲವತ್ತಮೂರು ಇದ್ದವು. ಕೆಲವು, ನೀವು ರೋಬೋಟ್ ಅಲ್ಲವೆಂದು ತೋರಿಸಲು ಅನುಮತಿಸಿ ಒತ್ತಿ ಎಂದು ಮೋಸ ಮಾಡಿ ಸೇರಿಕೊಂಡವು. ಒಂದೊಂದರ ಪಕ್ಕದ ಮೂರು ಚುಕ್ಕೆ ಒತ್ತಿ, ತೆಗೆದುಹಾಕಿ ಎಂದು ಕೊಟ್ಟೆ. ಆ್ಯಂಟಿವೈರಸ್ ಇಲ್ಲದ ಬಲಗಡೆಯದರಲ್ಲೂ ಹಾಗೆಯೇ ಮಾಡಿದೆ. ಇನ್ನು ಯಾವ ತಾಣವೂ ಕೇಳಲೇಬಾರದು ಎಂಬ ಗುಂಡಿಯನ್ನೂ ಒತ್ತಿದೆ. ಗೋಡೆಯ ಹಾಳೆಯನ್ನು ಕಿತ್ತು ಚೀಲದಲ್ಲಿ ಇಟ್ಟುಕೊಂಡೆ. ಆಮೇಲೆ ಮೂರು ಗಂಟೆ ಎಣಿಸಲು ಕುಳಿತೆ. ಎಡಕ್ಕೆ ಸೊನ್ನೆ, ಬಲಕ್ಕೆ ಸೊನ್ನೆ.

ಎಣಿಕೆಯನ್ನೂ ಗೋಡೆಯ ಹಾಳೆಯನ್ನೂ ಪಿಡಿಒಗೆ ತೋರಿಸಿದೆ. ಅವರಿಗೆ ಅರ್ಥವಾಯಿತು. ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

"ಅಕ್ಕ, ಇದೆಲ್ಲ ಸಭೆಯಲ್ಲಿ ಹೇಳುದು ಬೇಡ. ಒಂದನೆಯದರ ಹೆಸರು ಬರೆದು ಕೊಡಿ, ಸಾಕು. ಹಾಕಿದ್ದೇವೆ, ನಿಂತಿದೆ ಅಂತ ನಾನು ಹೇಳ್ತೇನೆ. ನಿಮ್ಮ ಮೇಲೆ ಯಾಕೆ ಎಳೆದುಕೊಳ್ಳುದು?"

ಆ್ಯಂಟಿವೈರಸ್ ಹಾಕಿದ್ದರಿಂದ ನಿಂತಿತು ಎಂದರೆ ಕಂಪ್ಯೂಟರ್ ಕೋಣೆ ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಚಿತ್ರವನ್ನು ಕರೆದದ್ದು ಯಾರು ಎಂಬ ಪ್ರಶ್ನೆ ಹಾಗೆಯೇ ಇರುತ್ತಿತ್ತು. ಅದಕ್ಕೆ ಊರು ಒಂದು ಉತ್ತರವನ್ನು ಆಗಲೇ ಇಟ್ಟುಕೊಂಡಿತ್ತು. ಆ ರಾತ್ರಿ ಉಂಡ ಮೇಲೆ ವರದಿಯನ್ನು ಇಡೀ ಬರೆದೆ. ಮೂರೂ ಆ್ಯಂಟಿವೈರಸ್‌ಗಳ ಎಣಿಕೆ ಬರೆದೆ. ಕೊನೆಯಲ್ಲಿ, ಈ ಚಿತ್ರಗಳು ಬಂದದ್ದು ಮೇಲ್ವಿಚಾರಕಿಯಾದ ನನ್ನ ತಪ್ಪು ಸೂಚನೆಯಿಂದ, ಬಳಸಿದ ಯಾರೂ ಕೆಟ್ಟದ್ದನ್ನು ನೋಡಿಲ್ಲ, ಎಂದು ಬರೆದು ಸಹಿ ಹಾಕಿದೆ.

ಬುಧವಾರದ ಸಭೆಯಲ್ಲಿ ನಿಂತು ಓದಿದೆ. ನಾನು ಅಷ್ಟು ಜನರ ಎದುರು ನಿಂತದ್ದು ನನ್ನ ಮದುವೆಯ ದಿನ ಮಾತ್ರ. ಸೆರಗು ಕೈಯಲ್ಲಿ ಸುತ್ತಿ ಸುತ್ತಿ ಒದ್ದೆಯಾಯಿತು. ಗೋಡೆಯ ಹಾಳೆಯನ್ನು ತೆಗೆದು ನಾಲ್ಕನೆಯ ಸಾಲನ್ನು ತೋರಿಸಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ನನ್ನ ಕಡೆ ನೋಡಿ ನಕ್ಕರು. ಕೆಟ್ಟ ನಗು ಅಲ್ಲ.

"ಅಕ್ಕ ಪಾಪದವರು ಮಾರಾಯ್ರೆ. ಆ ಹುಡುಗಿಯನ್ನು ಉಳಿಸ್ಲಿಕ್ಕೆ ತನ್ನ ಮೇಲೆ ಹಾಕಿಕೊಳ್ತಾರೆ. ಇವರ ಕೈಯಿಂದ ಅಂಥ ಚಿತ್ರ ಬರ್ಲಿಕ್ಕುಂಟಾ?"

ಎಲ್ಲರೂ ತಲೆ ಆಡಿಸಿದರು. ನಾನೇ, ನಿಜವಾಗಿಯೂ ನಾನೇ ಎಂದು ಇನ್ನೊಮ್ಮೆ ಹೇಳಿದೆ. ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚಾಯಿತು. ಒಂದನೆಯ ಆ್ಯಂಟಿವೈರಸನ್ನು ಕೊಳ್ಳುವುದು, ಹುಡುಗಿಯರು ಕಂಪ್ಯೂಟರಿಗೆ ಬರುವುದಾದರೆ ಮನೆಯವರೊಬ್ಬರು ಜೊತೆಗಿರುವುದು, ಎಂದು ನಿರ್ಣಯವಾಯಿತು. ಪಿಡಿಒ ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ನೇರ ಹುಡುಗಿಯ ಮಾವನ ಮನೆಗೆ ನಡೆದೆ. ಅವರು ಚಾವಡಿಯಲ್ಲಿ ಕುಳಿತು ಅಡಿಕೆ ಸುಲಿಯುವ ಕತ್ತಿಗೆ ಹಿಡಿ ಹಾಕುತ್ತಿದ್ದರು. ಕುಳ್ಳಿರಿಸಿದರು. ನೋಟ್ ಬುಕ್ ತೋರಿಸಿ, ಮೊದಲಿನಿಂದ ಎಲ್ಲ ಹೇಳಿದೆ. ತುಳುವಿನಲ್ಲಿ ಹೇಳಿದ್ದರಿಂದ ನನಗೆ ಸ್ವಲ್ಪ ಸಲೀಸಾಯಿತು. ನಾಳೆ ಸಂಜೆಯವರೆಗೆ ಸಮಯ ಉಂಟು, ಅವಳು ಬರುವುದು ಬೇಡ, ಆರು ಅಂಕೆಗಳನ್ನು ನೀವು ಫೋನಿನಲ್ಲಿ ಹೇಳಿದರೆ ಸಾಕು, ನಾನೇ ಸಲ್ಲಿಸುತ್ತೇನೆ ಎಂದೆ. ಅವರು ಎಣಿಕೆಯ ಪುಟಗಳನ್ನು ಒಂದೂ ಬಿಡದೆ ನೋಡಿದರು.

"ನೀವು ಹೇಳಿದ್ದು ನಾನು ನಂಬ್ತೇನೆ ಅಕ್ಕ," ಎಂದರು. "ನಾನು ನಂಬಿದ್ರೆ ಎಂತ ಆಗ್ತದೆ? ಅವಳ ಸಂಬಂಧ ಕೇಳಿಕೊಂಡು ಬರುವವರು ನನ್ನನ್ನು ಕೇಳುದಿಲ್ಲ. ಊರಲ್ಲಿ ಕೇಳ್ತಾರೆ. ಇನ್ನು ಪರೀಕ್ಷೆ, ಕೆಲಸ ಅಂತ ಪೇಟೆಗೆ ಕಳಿಸಿದ್ರೆ ಊರಿನ ಮಾತಿಗೆ ನಾನೇ ಸಾಕ್ಷಿ ಹೇಳಿದ ಹಾಗೆ."

ಅವಳ ಹತ್ತಿರ ಒಂದು ಮಾತು ಆಡಬಹುದೇ ಎಂದು ಕೇಳಿದೆ. ಒಳಗೆ ಕೆಲಸದಲ್ಲಿದ್ದಾಳೆ ಎಂದರು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು, ಅದು ನಿಂತಿತು. ಅವಳು ಹೊರಗೆ ಬರಲಿಲ್ಲ.

ಗುರುವಾರ. ಅವಳ ನೋಂದಣಿ ಸಂಖ್ಯೆ, ಹುಟ್ಟಿದ ದಿನ, ಅರ್ಜಿ ತುಂಬುವವರದ್ದೆಲ್ಲ ಬರೆದಿಡುವ ನನ್ನ ಪುಸ್ತಕದಲ್ಲಿ ಇದ್ದವು. ಆ ಪುಟವನ್ನು ಮುಚ್ಚುತ್ತಿದ್ದ ಮೂರನೆಯ ಆ್ಯಂಟಿವೈರಸನ್ನು ತೆಗೆದು, ಮಧ್ಯಾಹ್ನ ಅದೇ ಎಡಗಡೆಯದರಲ್ಲಿ ಅರ್ಜಿ ತೆರೆದೆ. ಅವಳ ಫೋಟೊ, ಅವಳ ಸಹಿ, ಎಲ್ಲ ಇತ್ತು. ಒಟಿಪಿ ಕಳುಹಿಸಿ ಎಂಬ ಗುಂಡಿ ಒತ್ತಿದೆ. ಪರದೆಯ ಮೇಲೆ ಆರು ಖಾಲಿ ಮನೆಗಳು, ಪಕ್ಕದಲ್ಲಿ ಹಿಂದಕ್ಕೆ ಎಣಿಸುವ ಐದು ನಿಮಿಷ. ಅವರ ಮೊಬೈಲಿಗೆ ಈಗ ಬಂದಿರುತ್ತದೆ, ನೋಡಿದರೆ ಮನಸ್ಸು ಬಂದೀತು, ಫೋನ್ ಮಾಡಿಯಾರು ಎಂದು ನನ್ನ ಫೋನನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡೆ. ಐದು ನಿಮಿಷ ಮುಗಿಯಿತು. ನಾಲ್ಕು ಗಂಟೆಗೆ ಇನ್ನೊಮ್ಮೆ ಒತ್ತಿದೆ. ಐದೂಕಾಲು ಗಂಟೆಗೆ ಮೂರನೆಯ ಸಲ. ಅದು ಕೊನೆಯದು, ಮೂರಕ್ಕಿಂತ ಹೆಚ್ಚು ಸಲ ಕೊಡುವುದಿಲ್ಲ ಎಂದು ಕೆಂಪಕ್ಷರದಲ್ಲಿ ಬಂತು. ಐದೂವರೆಗೆ ಪುಟ ತಾನಾಗಿಯೇ ಮುಚ್ಚಿತು. ಅಷ್ಟು ಹೊತ್ತಿನಲ್ಲಿ ಆ ಮೂಲೆಯಲ್ಲಿ ಒಂದೇ ಒಂದು ಚಿತ್ರ ಬರಲಿಲ್ಲ. ಕಂಪ್ಯೂಟರ್ ಪೂರ್ತಿ ಸರಿಯಾಗಿತ್ತು.

ಆಮೇಲಿನದ್ದು ಹೆಚ್ಚಿಲ್ಲ. ನಿರ್ಣಯವಾದ ಮೇಲೆ ಮನೆಯವರನ್ನು ಜೊತೆ ಕರೆದುಕೊಂಡು ಬಂದ ಹುಡುಗಿ ಒಬ್ಬಳೂ ಇಲ್ಲ. ದುಡಿಯುವ ಮನೆಗಳಲ್ಲಿ ಹೀಗೆ ಬಂದು ಕುಳಿತುಕೊಳ್ಳಲು ಯಾರಿಗೆ ಪುರುಸೊತ್ತು ಉಂಟು? ನನ್ನ ವರದಿ ಕಡತದಲ್ಲಿ ಉಂಟು, ಒಂದನೆಯ ಆ್ಯಂಟಿವೈರಸಿನ ಹೆಸರಿನ ಕೆಳಗೆ ಮಾತ್ರ ಯಾರೋ ಗೆರೆ ಎಳೆದಿದ್ದಾರೆ.

ಎಂಟು ತಿಂಗಳ ನಂತರ ಬೆಳ್ತಂಗಡಿಯ ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕ ಬಂದು ಕುಳಿತಳು. ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಬೀಜದ ಎಣ್ಣೆಯಿಂದ ಬೆರಳ ತುದಿ ಕಪ್ಪಾಗಿತ್ತು. ನಾನು ಎಲ್ಲವನ್ನೂ ಹೇಳಿದೆ, ಕರೆದದ್ದು ನಾನು, ನನ್ನ ಹಾಳೆ, ನನ್ನ ಬೆರಳು ಎಂದೆ. ಅವಳು ಕಿಟಕಿಯ ಆಚೆ ನೋಡುತ್ತಾ ಕೇಳಿದಳು.

"ಆ ದಿವಸ ಮಾವನ ಮೊಬೈಲು ಮೇಜಿನ ಮೇಲೆ ಇತ್ತು ದೊಡ್ಡಮ್ಮ. ಅವರು ತೋಟಕ್ಕೆ ಹೋಗಿದ್ರು. ಮೂರು ಸಲ ಬಂತು. ಮೂರೂ ಸಲ ನಾನು ಓದಿದೆ. ನಿಮ್ಮ ನಂಬರು ನನಗೆ ಗೊತ್ತಿತ್ತು."

ಯಾಕೆ ಫೋನ್ ಮಾಡಲಿಲ್ಲ ಎಂದು ಅವಳೇ ಹೇಳಿದಳು.

"ನಾನೇ ಎಂತದೋ ಒತ್ತಿರ್ಬೇಕು ಅಂತ ಗ್ರಹಿಸಿದ್ದೆ. ಎಲ್ರೂ ಹೇಳ್ತಿದ್ರಲ್ಲ. ನಿಮ್ಮ ಸ್ವರ ಕೇಳ್ಲಿಕ್ಕೆ ಮುಖ ಇರ್ಲಿಲ್ಲ."

ಬಸ್ಸು ಅವಳ ನಿಲ್ದಾಣದ ಹತ್ತಿರ ಬಂದಾಗ ಎದ್ದು ನಿಂತಳು. ಮೂರನೆಯ ಸಲ ಬಂದದ್ದು ಈಗಲೂ ನೆನಪುಂಟು ಎಂದು, ಆರು ಅಂಕೆಗಳನ್ನು ಒಂದೊಂದಾಗಿ, ನಾನು ಬರೆದುಕೊಳ್ಳುತ್ತಿದ್ದೇನೋ ಎನ್ನುವ ಹಾಗೆ ನಿಧಾನವಾಗಿ ಹೇಳಿ ಇಳಿದಳು.